ಎಂಎಲ್‌ಎ ಆದ ವಕೀಲರು ಕರಿ ಕೋಟು ಬಿಚ್ಚಿಡಬೇಕಾ?

ಪ್ರಶ್ನೆ: ನಮ್ಮ ತಾಲೂಕಿನ ವಕೀಲರೊಬ್ಬರು ಈಗ ಶಾಸಕರು. ನಮ್ಮ ಜಮೀನಿನ ಕೇಸು ಮೊದಲಿಂದ ಅವರ ಹತ್ತಿರವೇ ಇದೆ. ಸರ್ಕಾರದ ಸಂಬಳ ತೆಗೆದುಕೊಳ್ಳುವವರು ವಕೀಲಿ ಮಾಡುವ ಹಾಗಿಲ್ಲ ಅಂತಾರೆ. ಅವರು ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ವಾಪಸ್ ಕೊಡಬೇಕಲ್ವಾ?

ಉತ್ತರ: ಕೊಡಬೇಕಿಲ್ಲ. ಶಾಸಕರಾಗಿದ್ದುಕೊಂಡೇ ವಕೀಲಿ ಮಾಡಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಹತ್ತು ಜನ ಕೇಳುತ್ತಾರೆ, ಗೊತ್ತು. ಪ್ರತಿ ಚುನಾವಣೆ ಮುಗಿದ ಮೇಲೂ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ವಕೀಲರ ಹೆಸರು ಬೇರೆ, ಉಳಿದದ್ದೆಲ್ಲ ಅದೇ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ.

‘ಸಂಬಳ ಬರುತ್ತದೆ, ಅಂದಮೇಲೆ ಸರ್ಕಾರಿ ನೌಕರ’ ಅನ್ನುವ ಮಾತು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ನಿಮ್ಮ ಪರಿಚಯದ ವಕೀಲರು ಯಾರೋ ಬ್ಯಾಂಕಿನಲ್ಲಿ ಲಾ ಆಫೀಸರ್ ಆಗಿರುತ್ತಾರೆ. ಕೆಲಸಕ್ಕೆ ಸೇರುವಾಗ ಸನದನ್ನು ಅಮಾನತಿನಲ್ಲಿಡಲು ವಕೀಲರ ಪರಿಷತ್ತಿಗೆ ಬರೆದುಕೊಟ್ಟಿರುತ್ತಾರೆ. ಅದನ್ನು ನೋಡಿದವರು ಶಾಸಕರಿಗೂ ಅದೇ ಕಾನೂನು ಅಂದುಕೊಳ್ಳುತ್ತಾರೆ. ಕಾನೂನು ಇರುವುದೂ ನಿಜವೇ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ, ವಕೀಲಿ ಮಾಡುತ್ತಿರುವಷ್ಟು ಕಾಲ ಯಾವುದೇ ವ್ಯಕ್ತಿಯ, ಸರ್ಕಾರದ ಅಥವಾ ಕಂಪನಿಯ ಪೂರ್ಣಾವಧಿ ಸಂಬಳದ ನೌಕರನಾಗಿರಬಾರದು.

ಇಲ್ಲಿ ನೋಡಬೇಕಾದದ್ದು ಸಂಬಳವನ್ನಲ್ಲ, ನೌಕರಿಯನ್ನು. ನೌಕರ ಅಂದರೆ ಅವನಿಗೊಬ್ಬ ಯಜಮಾನ ಇರಬೇಕು. ಶಾಸಕರನ್ನು ನೇಮಕ ಮಾಡಿದ್ದು ಯಾರು? ನೀವು, ನಾನು, ಮತ ಹಾಕಿದವರು. ಅವರನ್ನು ವರ್ಗ ಮಾಡುವವರು ಯಾರು? ಯಾರೂ ಇಲ್ಲ. ಮುಖ್ಯಮಂತ್ರಿಗೆ ಸಿಟ್ಟು ಬಂದರೆ ಶಾಸಕರನ್ನು ಸಸ್ಪೆಂಡ್ ಮಾಡಿ ಮನೆಗೆ ಕಳಿಸಲು ಆಗುತ್ತದಾ? ಸದನದಲ್ಲಿ ಗಲಾಟೆ ಮಾಡಿದರೆ ಅಮಾನತು ಆಗಬಹುದು, ಆದರೆ ಅದನ್ನು ಮಾಡುವುದು ಸದನ, ಸರ್ಕಾರವಲ್ಲ. ರಜೆಯ ಕಥೆಯೂ ಹಾಗೇ. ಸಂವಿಧಾನದ 190ನೇ ವಿಧಿಯ ಪ್ರಕಾರ, ಅನುಮತಿ ಪಡೆಯದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಆ ಸ್ಥಾನ ಖಾಲಿ ಅಂತ ಸದನ ಘೋಷಿಸಬಹುದು. ಅಲ್ಲೂ ಅನುಮತಿ ಕೊಡುವುದು ಸದನವೇ. ಇನ್ನು ಸಂಬಳ. ತಮಗೆ ಎಷ್ಟು ಸಂಬಳ ಅಂತ ತಾವೇ ಕಾನೂನು ಮಾಡಿಕೊಳ್ಳುವ ಅಧಿಕಾರವನ್ನು 195ನೇ ವಿಧಿ ಶಾಸಕರಿಗೆ ಕೊಟ್ಟಿದೆ. ಅಂಥ ನೌಕರಿ ಸಿಗುವ ಹಾಗಿದ್ದರೆ ನಾನೂ ಅರ್ಜಿ ಹಾಕುತ್ತಿದ್ದೆ.

ಇದಕ್ಕೂ ಜಗ್ಗದವರಿಗೆ ಇನ್ನೊಂದು. 191ನೇ ವಿಧಿ ಓದಿ. ಸರ್ಕಾರದ ಕೈಕೆಳಗೆ ಲಾಭದ ಹುದ್ದೆ ಹೊಂದಿರುವವರು, ಕಾನೂನಿನಲ್ಲಿ ವಿನಾಯಿತಿ ಇಲ್ಲದಿದ್ದರೆ, ಶಾಸಕರಾಗಿರಲು ಅನರ್ಹರು. ನಿಮ್ಮ ವಾದದಂತೆ ಶಾಸಕ ಸ್ಥಾನವೇ ಸರ್ಕಾರಿ ನೌಕರಿಯಾದರೆ, ಗೆದ್ದ ಕ್ಷಣವೇ ನಮ್ಮ ವಿಧಾನಸಭೆಯ 224 ಜನರೂ ಅನರ್ಹರಾಗಬೇಕು! ವಿಧಾನಸೌಧಕ್ಕೆ ಬೀಗ ಹಾಕಿ ಬರಬಹುದು.

‘ಮತ್ತೆ ಲಂಚದ ಕೇಸಿನಲ್ಲಿ ಶಾಸಕರನ್ನೂ ಸಾರ್ವಜನಿಕ ಸೇವಕ ಅಂತಾರಲ್ಲ?’ ಅಂತ ಕೆಲವರು ಜಾಣತನದಿಂದ ಕೇಳುತ್ತಾರೆ. ಹೌದು, ಭ್ರಷ್ಟಾಚಾರ ತಡೆ ಕಾಯ್ದೆಗೆ ಅವರು ಸಾರ್ವಜನಿಕ ಸೇವಕರೇ. ಆ ಕಾಯ್ದೆಯ ಬಲೆ ಬೇಕೆಂದೇ ಅಗಲವಾಗಿದೆ. ಅದರಲ್ಲಿ ಸಿಕ್ಕಿಬಿದ್ದವರೆಲ್ಲ ಸರ್ಕಾರದ ನೌಕರರಾಗಿಬಿಡುವುದಿಲ್ಲ.

ಇದೆಲ್ಲ ನನ್ನ ಸ್ವಂತ ವಾದ ಅಂದುಕೊಳ್ಳಬೇಡಿ. ಸಂಸದರು, ಶಾಸಕರು ವಕೀಲಿ ಮಾಡಬಾರದು ಅಂತ ವಕೀಲರೇ ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸಂಬಳ ಬೊಕ್ಕಸದಿಂದ ಬರುತ್ತದೆ ಅನ್ನುವುದೇ ಅವರ ಮುಖ್ಯ ವಾದಗಳಲ್ಲಿ ಒಂದು. 2018ರ ಸೆಪ್ಟೆಂಬರ್ 25ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಶಾಸಕರಿಗೂ ಸರ್ಕಾರಕ್ಕೂ ಯಜಮಾನ–ನೌಕರ ಸಂಬಂಧವಿಲ್ಲ, ನಿಯಮ 49 ಅವರಿಗೆ ತಗಲುವುದಿಲ್ಲ, ಬೇರೆ ನಿರ್ಬಂಧವೂ ಈಗ ಇಲ್ಲ ಅಂತ ಹೇಳಿತು. ಕಪಿಲ್ ಸಿಬಲ್, ಅಭಿಷೇಕ್ ಸಿಂಘ್ವಿ ಸಂಸದರಾಗಿದ್ದುಕೊಂಡೇ ವಾದ ಮಾಡುವುದನ್ನು ಟಿವಿಯಲ್ಲಿ ನೋಡುತ್ತೀರಿ. ನಿಮ್ಮೂರಿನ ಶಾಸಕರ ವಿಷಯ ಬಂದಾಗ ಮಾತ್ರ ಅನುಮಾನ.

ಮಂತ್ರಿಯಾದರೆ ಮಾತು ಬೇರೆ. ಅವರು ಸರ್ಕಾರದ ಭಾಗ, ವಕೀಲಿ ನಿಲ್ಲಿಸುವುದೇ ರೂಢಿ.

ಕಾನೂನು ಬಿಡುತ್ತದೆ ಅಂದಮಾತ್ರಕ್ಕೆ ಎಲ್ಲ ಕೇಸೂ ಹಿಡಿಯಬಹುದು ಅಂತಲ್ಲ. ನಿಜವಾದ ತೊಡಕು ಇರುವುದು ತಾಲೂಕಿನಲ್ಲಿ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡುವ ಬಗರ್ ಹುಕುಂ ಸಮಿತಿಯನ್ನೇ ತೆಗೆದುಕೊಳ್ಳಿ. ಫಾರಂ 50, 53, 57 ಅಂತ ಅರ್ಜಿ ಹಾಕಿ ಕಾದವರಿಗೆ ಹೇಳಿಕೊಡಬೇಕಿಲ್ಲ. ಆ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿಯಲ್ಲಿ ಕೂತು ಒಬ್ಬರಿಗೆ ಜಮೀನು ಮಂಜೂರು ಮಾಡುವುದು, ಅದೇ ಸರ್ವೆ ನಂಬರಿನ ಬಗ್ಗೆ ಸಿವಿಲ್ ಕೋರ್ಟಿನಲ್ಲಿ ಇನ್ನೊಬ್ಬರ ಪರ ನಿಲ್ಲುವುದು ಚೆಂದ ಕಾಣುವುದಿಲ್ಲ. ಸಾಕ್ಷಿ ಹೇಳಲು ಬರುವ ಗ್ರಾಮ ಆಡಳಿತಾಧಿಕಾರಿಯನ್ನು (ಹಿಂದಿನ ಗ್ರಾಮ ಲೆಕ್ಕಿಗ) ನಿನ್ನೆ ಕೆಡಿಪಿ ಸಭೆಯಲ್ಲಿ, ಅಂದರೆ ಇಲಾಖೆಗಳ ಕೆಲಸದ ಪರಿಶೀಲನಾ ಸಭೆಯಲ್ಲಿ, ತರಾಟೆಗೆ ತೆಗೆದುಕೊಂಡವರೇ ಇವತ್ತು ಪಾಟೀಸವಾಲು ಮಾಡಿದರೆ ಆತ ಏನು ಉತ್ತರ ಕೊಟ್ಟಾನು? ಬುದ್ಧಿ ಇರುವ ಶಾಸಕ–ವಕೀಲರು ಸ್ವಂತ ಕ್ಷೇತ್ರದ ಕಂದಾಯದ ತಕರಾರುಗಳಿಂದ ದೂರ ಇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಬುದ್ಧಿಗೆ ಬಿಟ್ಟ ವಿಷಯವಾಗಬಾರದು, ನಿಯಮವೇ ಬೇಕು.

ಹಾಗಾದರೆ ಅವರು ಸನದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು ಯಾಕೆ? ಫೀಸಿನ ಆಸೆ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಬಿ.ಡಿ. ಜತ್ತಿಯವರನ್ನು ನೋಡಿ. ಜಮಖಂಡಿ ಹತ್ತಿರದ ಸಾವಳಗಿಯವರು. ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು. 1940ರಲ್ಲಿ ಪುರಸಭೆ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಮೇಲೆ ಜಮಖಂಡಿ ಸಂಸ್ಥಾನದ ಮಂತ್ರಿ, ದಿವಾನ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿಹೋಯಿತು. ಸಂಸ್ಥಾನವೇ ಇಲ್ಲದ ಮೇಲೆ ದಿವಾನಗಿರಿ ಎಲ್ಲಿಯದು? ಅವರು ವಾಪಸ್ ವಕೀಲಿಗೆ ಬಂದರು. 20 ತಿಂಗಳು ಅದನ್ನೇ ಮಾಡಿದರು. ಆಮೇಲೆ ವಿಲೀನವಾದ ಪ್ರದೇಶದ ಪರವಾಗಿ ಮುಂಬೈ ವಿಧಾನಸಭೆಗೆ ನಾಮನಿರ್ದೇಶನಗೊಂಡರು. ಮುಂದಿನದು ನಿಮಗೆ ಗೊತ್ತು: 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ನಡುವೆ ಆ 20 ತಿಂಗಳು ಮನೆ ನಡೆದದ್ದು ಸನದಿನಿಂದ. ರಾಜಕೀಯದಲ್ಲಿ ಸೋತರೂ ಕೂತು ಉಣ್ಣಬೇಕಿಲ್ಲ, ಯಾರ ಮನೆ ಬಾಗಿಲೂ ಕಾಯಬೇಕಿಲ್ಲ ಅನ್ನುವ ಧೈರ್ಯ ಇರುವ ಶಾಸಕರು ಪಕ್ಷದೊಳಗೂ ಸ್ವಲ್ಪ ಜಾಸ್ತಿ ಬಾಯಿಬಿಡುತ್ತಾರೆ. ನನಗಂತೂ ಅದು ಒಳ್ಳೆಯದೇ.

ಈಗ ನಿಮ್ಮ ಕೇಸು. ನೀವು ನೇರವಾಗಿ ಕೇಳಲಿಲ್ಲ, ಆದರೆ ಚಿಂತೆ ಇರುವುದು ಅಲ್ಲೇ ಅಲ್ವಾ? ಅಧಿವೇಶನ ನಡೆಯುವಾಗ ಅವರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರುತ್ತಾರೆ. ಕೋರ್ಟಿನಲ್ಲಿ ಜೂನಿಯರ್ ಎದ್ದು ನಿಂತು ‘ಸೀನಿಯರ್ ಅಧಿವೇಶನದಲ್ಲಿದ್ದಾರೆ, ಸ್ವಾಮಿ’ ಅಂತ ತಾರೀಖು ಕೇಳುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ, ವಿಚಾರಣೆ ಶುರುವಾದ ಮೇಲೆ ಒಬ್ಬ ಪಕ್ಷಕಾರನಿಗೆ ಮುಂದೂಡಿಕೆ ಸಿಗುವುದು ಮೂರು ಸಲ. ಕೋರ್ಟುಗಳು ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಆದರೆ ಎದುರು ಪಕ್ಷದವರು ಹಟ ಹಿಡಿದರೆ ನಿಮಗೇ ಕಷ್ಟ. ಮೊದಲು ಜೂನಿಯರ್ ಹತ್ತಿರ ಕೂತು ಮಾತಾಡಿ. ಕೇಸು ಅವರಿಗೆ ಚೆನ್ನಾಗಿ ಗೊತ್ತಿದ್ದರೆ, ವಕಾಲತ್ತಿನಲ್ಲಿ (ನಿಮ್ಮ ಪರ ವಾದಿಸಲು ನೀವು ಬರೆದುಕೊಟ್ಟ ಪತ್ರದಲ್ಲಿ) ಅವರ ಹೆಸರೂ ಇದ್ದರೆ ಬದಲಾಯಿಸುವ ಗೊಡವೆಗೆ ಹೋಗಬೇಡಿ. ಬದಲಾಯಿಸಲೇಬೇಕು ಅನ್ನಿಸಿದರೆ ಹಳೇ ವಕೀಲರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಪಡೆದು ಹೊಸಬರಿಗೆ ವಕಾಲತ್ತು ಕೊಡಿ. ಫೀಸು ಬಾಕಿ ಇದೆ ಅಂತ ಫೈಲು ತಡೆದು ಇಟ್ಟುಕೊಳ್ಳುವ ಹಕ್ಕು ಯಾವ ವಕೀಲರಿಗೂ ಇಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಅವರು ಬೇರೆ ದಾರಿ ನೋಡಿಕೊಳ್ಳಬೇಕು. ಶಾಸಕರ ಹತ್ತಿರ ಫೈಲು ಕೇಳಲು ಅಂಜಿಕೆ ಅನ್ನಿಸಿದರೆ, ಬೆಳಿಗ್ಗೆ ಜನಸಂದರ್ಶನದ ಗದ್ದಲಕ್ಕೆ ಹೋಗದೆ ಅವರ ಹಳೇ ಆಫೀಸಿನ ಗುಮಾಸ್ತರನ್ನು ಹಿಡಿಯಿರಿ. ಫೈಲು ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ.