ಆಹಾರ ಭದ್ರತೆ ಓದುವವರು ಮೊದಲು ಸಂತೆ ದಿನ ಯಾವುದು ಅಂತ ಕೇಳಿ

ಎಂಎಸ್ಸಿಗೆ ಆಹಾರ ಭದ್ರತೆ ವಿಷಯ ಆರಿಸಿಕೊಂಡವರು ಮೊದಲು ಬರೆದು ತರುವ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬಹುತೇಕ ಒಂದೇ ಥರ ಇರುತ್ತದೆ. ಜನಸಂಖ್ಯೆ ಜಾಸ್ತಿಯಾಗುತ್ತಿದೆ, ಜಮೀನು ಕಡಿಮೆಯಾಗುತ್ತಿದೆ, ಅದಕ್ಕೆ ಇಳುವರಿ ಹೆಚ್ಚಬೇಕು. ಪ್ರಶ್ನೆ ಒಳ್ಳೆಯದೇ, ಆದರೆ ಅದು ಬೇಸಾಯದ ಪ್ರಶ್ನೆ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ವ್ಯಾಖ್ಯೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಆಹಾರ ಇರಬೇಕು, ಕೈಗೆ ಸಿಗಬೇಕು, ಮೈಗೆ ಹತ್ತಬೇಕು, ಇದೆಲ್ಲ ವರ್ಷವಿಡೀ ನಡೆಯಬೇಕು. ಕರ್ನಾಟಕದಲ್ಲಿ 2013ರಿಂದ ಅನ್ನಭಾಗ್ಯ ಇದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಇಲ್ಲ. ಅಕ್ಕಿ ಬಂದ ಮನೆಯಲ್ಲೂ ಹೀಗೇಕೆ? ಸ್ನಾತಕೋತ್ತರ ಓದು ಇಲ್ಲಿಂದ ಶುರುವಾಗಬೇಕು.

ಹಾಗಾಗಿ ಈ ವಿಷಯದಲ್ಲಿ ಕಲಿಯುವುದು ಮುಖ್ಯವಾಗಿ ಅಳೆಯುವ ಕೆಲಸ. ಮಹಿಳೆಯರ ಆಹಾರದ ವೈವಿಧ್ಯ ನೋಡಲು ಒಂದು ಅಳತೆ ಇದೆ. ಹಿಂದಿನ ದಿನ ಹತ್ತು ಆಹಾರ ಗುಂಪುಗಳಲ್ಲಿ ಕನಿಷ್ಠ ಐದನ್ನು ತಿಂದಿರಬೇಕು. ಕೇಳೋಕೆ ಸುಲಭ. ಆದರೆ ನಮ್ಮ ಹಳ್ಳಿಗಳಲ್ಲಿ ತರಕಾರಿ ವಾರದ ಸಂತೆಯ ಜೊತೆ ಬಂದು ಹೋಗುತ್ತದೆ. ಸಂತೆಯ ಮರುದಿನ ಕೇಳಿದರೆ ಸೊಪ್ಪು, ಟೊಮೆಟೊ, ಬಾಳೆಹಣ್ಣು ಎಲ್ಲ ಪಟ್ಟಿಯಲ್ಲಿರುತ್ತವೆ. ಸಂತೆಗೆ ಇನ್ನೊಂದು ದಿನ ಇದೆ ಅನ್ನುವಾಗ ಅದೇ ಮನೆಯಲ್ಲಿ ಅನ್ನ, ಹುಣಸೆ ಸಾರು. ಶ್ರಾವಣದಲ್ಲಿ ಹೋದರೆ ಎಷ್ಟೋ ಮನೆಗಳಲ್ಲಿ ಮಾಂಸದ ಕಾಲಂ ಖಾಲಿ. ಒಂದು ಊರನ್ನು ಒಂದೇ ದಿನದಲ್ಲಿ ಮುಗಿಸಿ ಬಂದ ಸರ್ವೆ ಬಡತನವನ್ನಲ್ಲ, ಸಂತೆಯನ್ನು ಅಳೆದಿರುತ್ತದೆ. ಮನೆಗಳನ್ನು ವಾರದ ಏಳೂ ದಿನಕ್ಕೆ ಹಂಚಿಕೊಳ್ಳಿ.

ಪ್ರಮಾಣವೂ ಮುಖ್ಯ. ಕನಿಷ್ಠ 15 ಗ್ರಾಂ ತಿಂದಿದ್ದರೆ ಮಾತ್ರ ಆ ಗುಂಪು ಲೆಕ್ಕಕ್ಕೆ. ಒಗ್ಗರಣೆಯ ಕರಿಬೇವನ್ನು ಸೊಪ್ಪು ಅಂತ ಬರೆದುಕೊಂಡು ಬರುವವರಿದ್ದಾರೆ! ಇನ್ನೊಂದು, ಉತ್ತರ ಕೊಡುವವರು ಯಾರು? ಸೊಸೆಯ ಊಟದ ಬಗ್ಗೆ ಅತ್ತೆ ಹೇಳುತ್ತಾರೆ. ಕಡೆಗೆ ಊಟಕ್ಕೆ ಕೂರುವವಳಿಗೆ ಸಾರಿನ ತಿಳಿ ಮಾತ್ರ ಉಳಿದಿರಬಹುದು. 'ಏನು ಅಡುಗೆ ಮಾಡಿದ್ರಿ' ಅನ್ನೋದರ ಬದಲು 'ನಿಮ್ಮ ತಟ್ಟೆಗೆ ಏನೇನು ಬಂತು' ಅಂತ ಅವರನ್ನೇ ಕೇಳಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದು ಆಹಾರದ ಅಭದ್ರತೆ ಅಳೆಯುವ ಎಂಟು ಪ್ರಶ್ನೆಗಳ ಅಳತೆ, ಅದು ಇನ್ನೂ ನಾಜೂಕು. ದುಡ್ಡಿಲ್ಲದೆ ಊಟ ಬಿಟ್ಟಿದ್ದೀರಾ, ಹಸಿವಿದ್ದೂ ಉಣ್ಣಲಿಲ್ಲವಾ ಅಂತ ಕೇಳಬೇಕು. ಜಗಲಿಯಲ್ಲಿ ನಾಲ್ಕು ಜನ ಕೂತಿರುವಾಗ 'ಉಣ್ಣಾಕೇನ್ ಕಡಿಮಿ ಇಲ್ರಿ' ಅಂತಲೇ ಉತ್ತರ ಬರುತ್ತದೆ. ಪಂಚಾಯ್ತಿ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋದರಂತೂ ಬಿಪಿಎಲ್ ಕಾರ್ಡಿನ ವಿಚಾರಣೆ ಅಂದುಕೊಳ್ಳುತ್ತಾರೆ.

ಬೇಸಿಗೆ ರಜೆಯಲ್ಲಿ ರಾಯಚೂರು, ಯಾದಗಿರಿ ಕಡೆ ಹೋದವರಿಗೆ ಬೀಗ ಹಾಕಿದ ಮನೆಗಳು ಸಿಗುತ್ತವೆ. ಆ ಮನೆಯವರು ಗುಳೆ ಹೋಗಿರುತ್ತಾರೆ. ಪಕ್ಕದ ಮನೆಗೆ ಹೋಗಿ ಸಂಖ್ಯೆ ತುಂಬಿಸಿಕೊಂಡರೆ, ಯಾರ ಬಗ್ಗೆ ಓದಬೇಕಿತ್ತೋ ಅವರೇ ಬಿಟ್ಟುಹೋದ ಹಾಗಲ್ವಾ? ಬೀಗ ಹಾಕಿದ ಮನೆಯನ್ನೂ ಬರೆದುಕೊಳ್ಳಿ.

ಸ್ವಂತ ಸರ್ವೆ ಇಲ್ಲದಿದ್ದರೆ ಅದು ಥೀಸಿಸ್ಸೇ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೇಂದ್ರ ಅಂಕಿಅಂಶ ಸಚಿವಾಲಯದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಮನೆಮನೆಯ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಲೆಕ್ಕ ಹಾಕಲು ಬೇಕಾದ ಆರ್ (R) ಸಾಫ್ಟ್‌ವೇರೂ ಉಚಿತ. ಹೊಸ ಸಮೀಕ್ಷೆಯನ್ನು 2011-12ರ ಜೊತೆ ಸುಮ್ನೆ ಹೋಲಿಸಬೇಡಿ. ಈಗ ಒಂದೇ ಮನೆಗೆ ಮೂರು ಸಲ ಹೋಗಿ ಕೇಳುತ್ತಾರೆ, ಆಗ ಹಾಗಿರಲಿಲ್ಲ.

ವಿಷಯ ಹುಡುಕುತ್ತಿರುವವರಿಗೆ ಒಂದು ಸಿದ್ಧ ಪ್ರಶ್ನೆ ಇದೆ. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ 2023ರ ಜುಲೈನಿಂದ ಕೆಜಿಗೆ 34ರಂತೆ ತಿಂಗಳಿಗೆ ತಲೆಗೆ 170 ರೂಪಾಯಿ ಕೊಟ್ಟಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಆ ದುಡ್ಡಿನಲ್ಲಿ ಮನೆಯವರು ಏನು ಕೊಂಡರು? ಅಕ್ಕಿಯೋ, ಮೊಟ್ಟೆಯೋ, ಮೊಬೈಲ್ ರೀಚಾರ್ಜೋ? ಅದೃಷ್ಟಕ್ಕೆ ಮೇಲೆ ಹೇಳಿದ ಬಳಕೆ ವೆಚ್ಚದ ಒಂದು ಸಮೀಕ್ಷೆ 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದಿದೆ, ಇನ್ನೊಂದು ಅದರ ಬೆನ್ನಿಗೇ 2024ರ ಜುಲೈವರೆಗೆ. ಹಾಗಾಗಿ ದುಡ್ಡು ಬರುವ ಮೊದಲಿನದನ್ನೂ ನಂತರದ್ದನ್ನೂ ಹೆಚ್ಚುಕಡಿಮೆ ಹೋಲಿಸಬಹುದು. ತೊಡಕೂ ಇದೆ. 2023ರ ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ಕೊಡುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯೂ ಶುರುವಾಯಿತು. ಆದರೆ ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನ ಎಷ್ಟೋ ಮನೆಗಳಿಗೂ ಹೋಯಿತು, ಅಕ್ಕಿಯ ದುಡ್ಡು ಹೋಗಲಿಲ್ಲ. ಎರಡನ್ನೂ ಬಿಡಿಸಿ ನೋಡುವ ಕೆಲಸವನ್ನು ಕಾರ್ಡಿನ ಕಾಲಂನಿಂದ ಶುರು ಮಾಡಿ.