ತಾಯಿಯ ಆರೈಕೆಗೆಂದು ಊರಿಗೆ ಹೋಗಿ ಬಂದರೆ ಹುದ್ದೆ ಕಿತ್ತುಕೊಳ್ಳಬಹುದೇ?

ಪ್ರಶ್ನೆ: ಎಚ್‌-1ಬಿ ಉದ್ಯೋಗ ವೀಸಾದಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೈಸೂರಿನಲ್ಲಿರುವ ತಾಯಿ ಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಾಗ ಆರು ವಾರ ರಜೆ ಹಾಕಿ ಹೋಗಿದ್ದೆ. ಮರಳಿದ ಮೇಲೆ ನನ್ನ ತಂಡವನ್ನು ಬೇರೆಯವರಿಗೆ ವಹಿಸಿದ್ದಾರೆ. ಸಂಬಳ ಅಷ್ಟೇ ಇದ್ದರೂ ಹುದ್ದೆ ಕೆಳಗಿಳಿದಿದೆ. ವಾರ್ಷಿಕ ಮೌಲ್ಯಮಾಪನದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆದಿದ್ದಾರೆ. ನನ್ನಂಥವರಿಗೆ ಕಾನೂನಿನ ರಕ್ಷಣೆ ಇದೆಯೇ?

ಉತ್ತರ: ಇದೆ, ಮತ್ತು ಆ ಕಾನೂನು ನಿಮ್ಮ ವೀಸಾ ಯಾವುದೆಂದು ಕೇಳುವುದಿಲ್ಲ. ಎಫ್‌ಎಂಎಲ್‌ಎ ಎಂದೇ ಎಲ್ಲರೂ ಕರೆಯುವ 1993ರ ಕೌಟುಂಬಿಕ ಮತ್ತು ವೈದ್ಯಕೀಯ ರಜೆ ಕಾಯ್ದೆಯ ಪ್ರಕಾರ, ನಿಮ್ಮ ಕೆಲಸದ ಸ್ಥಳದಿಂದ 75 ಮೈಲಿಯೊಳಗೆ ಕಂಪನಿಗೆ ಕನಿಷ್ಠ 50 ನೌಕರರಿದ್ದು, ನೀವು ಅಲ್ಲಿ 12 ತಿಂಗಳು ಸೇವೆ ಸಲ್ಲಿಸಿ, ರಜೆಯ ಹಿಂದಿನ ಒಂದು ವರ್ಷದಲ್ಲಿ 1,250 ಗಂಟೆ ದುಡಿದಿದ್ದರೆ, ಹೆತ್ತವರ ಗಂಭೀರ ಕಾಯಿಲೆಯಲ್ಲಿ ಆರೈಕೆಗಾಗಿ ವರ್ಷಕ್ಕೆ 12 ವಾರಗಳವರೆಗೆ ಸಂಬಳವಿಲ್ಲದ ರಜೆ ನಿಮ್ಮ ಹಕ್ಕು. ಅತ್ತೆ ಮಾವಂದಿರು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ ಎಂಬುದು ನಮ್ಮ ಕುಟುಂಬಗಳಿಗೆ ನಿಜಕ್ಕೂ ನೋವಿನ ಸಂಗತಿ. ಆದರೆ ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನು 2022ರಿಂದ ಅವರನ್ನೂ ಸೇರಿಸಿಕೊಂಡಿದೆ.

ರಜೆ ಮುಗಿಸಿ ಬಂದವರಿಗೆ ಅದೇ ಹುದ್ದೆಯನ್ನು, ಇಲ್ಲವೇ ಸಂಬಳ, ಸವಲತ್ತು, ಹೊಣೆ, ಅಧಿಕಾರ ಎಲ್ಲದರಲ್ಲೂ ಅದಕ್ಕೆ ಸಮನಾದ ಹುದ್ದೆಯನ್ನು ಕೊಡಲೇಬೇಕು. ಆದ್ದರಿಂದ ‘ಸಂಬಳ ಕಡಿಮೆ ಮಾಡಿಲ್ಲವಲ್ಲ’ ಎಂಬ ಸಮಜಾಯಿಷಿ ಸಾಲದು. ರಜೆಯನ್ನು ಬಡ್ತಿಯಲ್ಲಾಗಲಿ ಮೌಲ್ಯಮಾಪನದಲ್ಲಾಗಲಿ ನಿಮ್ಮ ವಿರುದ್ಧ ಎಣಿಸುವುದು ನಿಷಿದ್ಧ. ಕೈಯಾರೆ ಬರೆದುಕೊಟ್ಟಿರುವ ಆ ‘ದೀರ್ಘ ಗೈರುಹಾಜರಿ’ಯೇ ನಿಮ್ಮ ಬಲವಾದ ಸಾಕ್ಷ್ಯವಾಗಬಹುದು. ಆದರೆ ನೀವು ರಜೆ ಹಾಕದಿದ್ದರೂ ಆ ಹುದ್ದೆ ಹೋಗುತ್ತಿತ್ತು ಎಂದು ಕಂಪನಿ ಸಾಬೀತುಪಡಿಸಿದರೆ ಕಾಯ್ದೆ ನೆರವಿಗೆ ಬರುವುದಿಲ್ಲ.

ಮೈಸೂರಿನ ವೈದ್ಯರ ಪತ್ರ ನಡೆಯುವುದಿಲ್ಲ ಎಂದು ಹೇಳಿಸಿಕೊಂಡು ಸುಮ್ಮನಾದವರೂ ಇದ್ದಾರೆ. ಅದು ತಪ್ಪು. ಹೆತ್ತವರು ಬೇರೆ ದೇಶದಲ್ಲಿದ್ದರೆ ಆ ದೇಶದಲ್ಲಿ ವೃತ್ತಿ ನಡೆಸುವ ವೈದ್ಯರ ಪ್ರಮಾಣಪತ್ರವನ್ನು ಕಂಪನಿ ಒಪ್ಪಿಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ಪತ್ರ ಕನ್ನಡದಲ್ಲಿದ್ದು ಕಂಪನಿ ಕೇಳಿದರೆ ನೀವು ಇಂಗ್ಲಿಷ್ ಅನುವಾದ ಒದಗಿಸಬೇಕು, ಅಷ್ಟೇ. ಪ್ರಮಾಣಪತ್ರ ಸಲ್ಲಿಸಲು ಸಾಮಾನ್ಯವಾಗಿ ಕನಿಷ್ಠ 15 ದಿನ ಕಾಲಾವಕಾಶ ಇರಬೇಕು. ಇನ್ನು ರಜೆ ಕೇಳುವಾಗ ಕಾಯ್ದೆಯ ಹೆಸರನ್ನೇ ಎತ್ತಿರಬೇಕೆಂದಿಲ್ಲ. ತಾಯಿಯ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಿದ್ದರೆ, ಐದು ಕೆಲಸದ ದಿನಗಳೊಳಗೆ ನೀವು ಈ ರಜೆಗೆ ಅರ್ಹರೇ ಎಂದು ತಿಳಿಸುವ ಹೊಣೆ ಕಂಪನಿಯದು.

ಈಗ ಮಾಡಬೇಕಾದದ್ದು: ಹಳೆಯ ಹುದ್ದೆಯನ್ನು ಮರಳಿ ಕೊಡಬೇಕೆಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಮೂಲಕವೇ ಕೇಳಿ, ರಜೆಯ ಅರ್ಜಿ, ಮಂಜೂರಾತಿ, ಮೌಲ್ಯಮಾಪನಗಳ ಪ್ರತಿ ಇಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅಮೆರಿಕದ ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿ ವಿಭಾಗಕ್ಕೆ ದೂರು ಕೊಡಬಹುದು, ಅಥವಾ ದೂರನ್ನೇ ಕೊಡದೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಮೊಕದ್ದಮೆಗೆ ಎರಡು ವರ್ಷ ಗಡುವು. ಕಂಪನಿ ಗೊತ್ತಿದ್ದೂ ಕಾನೂನು ಮುರಿದಿದ್ದರೆ ಮೂರು ವರ್ಷ. ಗೆದ್ದರೆ ಹುದ್ದೆ, ಕಳೆದುಕೊಂಡ ವೇತನ, ಅದರ ಬಡ್ಡಿ, ಸಾಮಾನ್ಯವಾಗಿ ಅಷ್ಟೇ ಮೊತ್ತದ ಹೆಚ್ಚುವರಿ ಪರಿಹಾರ ಹಾಗೂ ವಕೀಲರ ಶುಲ್ಕ ದೊರೆಯುತ್ತವೆ. ಮಾನಸಿಕ ನೋವಿಗೆ ಮಾತ್ರ ಈ ಕಾಯ್ದೆಯಡಿ ಪರಿಹಾರವಿಲ್ಲ.

ವೀಸಾದ ಭಯ ಸುಳ್ಳಲ್ಲ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಕಾನೂನುಬಾಹಿರವಾದರೂ, ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಹೆಚ್ಚೆಂದರೆ 60 ದಿನಗಳ ಅವಕಾಶ ಸಿಗುತ್ತದೆ, ಮೊಕದ್ದಮೆ ಹೂಡಿದ ಮಾತ್ರಕ್ಕೆ ಆ ಅವಧಿ ಬೆಳೆಯುವುದಿಲ್ಲ. ನಮ್ಮವರು ಬಾಯಿ ಬಿಡದಿರಲು ಇದೇ ಕಾರಣವೆಂದು ನಾನು ಬಲ್ಲೆ, ಮತ್ತು ಇದು ಅನ್ಯಾಯವೆಂದೇ ಭಾವಿಸುತ್ತೇನೆ. ಹಾಗಾಗಿ ಬೇಸರದಲ್ಲಿ ರಾಜೀನಾಮೆ ಬರೆಯುವ ಮೊದಲು, ಕಂಪನಿ ಮುಂದಿಡುವ ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಕಾರ್ಮಿಕ ಕಾನೂನಿನ ವಕೀಲರನ್ನೂ ವಲಸೆ ವಕೀಲರನ್ನೂ ಕಾಣಿರಿ.