ಯಾವ ಕಾವೇರಿ?

ಮಡಿಕೇರಿಯ ಬ್ಯಾಂಕೊಂದರಲ್ಲಿ ಕುಳಿತಿದ್ದೆ. ಟೋಕನ್ ಯಂತ್ರ ಕೆಟ್ಟಿತ್ತು, ಗುಮಾಸ್ತರು ಹೆಸರು ಹಿಡಿದು ಕೂಗುತ್ತಿದ್ದರು. "ಕಾವೇರಿ" ಎಂದದ್ದೇ ತಡ, ಮೂವರು ಎದ್ದರು. ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬಳು ನರ್ಸಿಂಗ್ ಓದುವ ಹುಡುಗಿ, ಇನ್ನೊಬ್ಬರು ಕಾಫಿ ತೋಟದ ಲೆಕ್ಕ ಬರೆಯುವವರು. ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಮನೆ ಹೆಸರು ಹೇಳಿ ಅಮ್ಮ" ಎಂದರು. ಇಬ್ಬರು ನಗುತ್ತಾ ಕುಳಿತರು.

ತಲಕಾವೇರಿಯಲ್ಲಿ ಹುಟ್ಟುವ ನದಿಯ ಹೆಸರು ಎಲ್ಲೆಲ್ಲಿ ಹೋಗಿ ಕುಳಿತಿದೆ ನೋಡಿ. ಗೋಣಿಕೊಪ್ಪಲಿನಲ್ಲಿ ಅದೊಂದು ಕಾಲೇಜು, ಕುಶಾಲನಗರದ ಬಳಿ ನಿಸರ್ಗಧಾಮ. ಬೆಂಗಳೂರಿಗೆ ಹೋದರೆ ಕರಕುಶಲ ವಸ್ತುಗಳ ಮಳಿಗೆ. ಮೈಸೂರಿನಿಂದ ಚೆನ್ನೈಗೆ ಓಡುವ ರೈಲಿಗೂ ಅದೇ ಹೆಸರು. ಕೊಡಗಿಗೆ ರೈಲೇ ಇಲ್ಲವಾದ್ದರಿಂದ ಆ ಕಾವೇರಿ ಮಾತ್ರ ತವರಿಗೆ ಬಂದದ್ದಿಲ್ಲ. ತೇಜಸ್ ಯುದ್ಧವಿಮಾನಕ್ಕೆಂದು ಬೆಂಗಳೂರಿನಲ್ಲಿ ರೂಪಿಸಲು ಹೊರಟ ಜೆಟ್ ಎಂಜಿನ್ ಕೂಡ ಕಾವೇರಿಯೇ. ಆಸ್ತಿ ನೋಂದಣಿಗೆ ಕರ್ನಾಟಕ ಸರ್ಕಾರ ಬಳಸುವ ತಂತ್ರಾಂಶದ ಹೆಸರೂ ಕಾವೇರಿ.

ಇಷ್ಟಾದರೂ ನಮಗೆ ಗೊಂದಲವಾಗುವುದು ಅಪರೂಪ. ಕನ್ನಡದಲ್ಲಿ ಅರ್ಧ ಕೆಲಸವನ್ನು ಕ್ರಿಯಾಪದವೇ ಮಾಡಿಬಿಡುತ್ತದೆ. "ಕಾವೇರಿ ಬಂದಳು" ಎಂದರೆ ಹುಡುಗಿ. "ಕಾವೇರಿ ಬಂತು" ಎಂದರೆ ರೈಲು, ಇಲ್ಲವೇ ಬೆಂಗಳೂರಿನ ನಲ್ಲಿ ನೀರು. ತುಲಾ ಸಂಕ್ರಮಣದ ದಿನ ತೀರ್ಥ ಉಕ್ಕಿದಾಗ ಮಾತ್ರ ನೀರಿಗೂ "ಬಂದಳು" ಎನ್ನುತ್ತೇವೆ. ಅಲ್ಲಿ ಯಾವ ಕಾವೇರಿ ಎಂದು ಕೇಳುವವರಿಲ್ಲ.

ಒಂದೇ ಪದಕ್ಕೆ ಹಲವು ಅರ್ಥವಿರುವುದು ಭಾಷೆಯ ದೋಷ ಎಂಬ ಅಭಿಪ್ರಾಯ ಹಳೆಯದು. 2012ರಲ್ಲಿ ಪಿಯಾಂಟಡೋಸಿ, ಟಿಲಿ ಮತ್ತು ಗಿಬ್ಸನ್ ಎಂಬ ಸಂಶೋಧಕರು ಇದಕ್ಕೆ ವಿರುದ್ಧವಾದ ವಾದ ಮುಂದಿಟ್ಟರು. ಇಂಗ್ಲಿಷ್, ಜರ್ಮನ್, ಡಚ್ ಭಾಷೆಗಳ ಪದಗಳನ್ನು ಪರಿಶೀಲಿಸಿದಾಗ, ಚಿಕ್ಕದಾದ, ಸುಲಭವಾಗಿ ಉಚ್ಚರಿಸಬಹುದಾದ, ಹೆಚ್ಚು ಬಳಕೆಯ ಪದಗಳಿಗೇ ಹೆಚ್ಚು ಅರ್ಥಗಳಿರುವುದು ಕಂಡಿತು. ಸಂದರ್ಭ ಹೇಗೂ ಅರ್ಥವನ್ನು ತಿಳಿಸುತ್ತದೆ. ಹಾಗಿರುವಾಗ ಪ್ರತಿಯೊಂದಕ್ಕೂ ಉದ್ದುದ್ದದ ಹೊಸ ಪದ ಹುಟ್ಟಿಸಿ ನಾಲಿಗೆ ಏಕೆ ದಣಿಸಬೇಕು? ನನಗೆ ಈ ವಾದ ಒಪ್ಪಿಗೆ. ತೊಂದರೆ ಶುರುವಾಗುವುದು ಸಂದರ್ಭ ಕೈಕೊಟ್ಟಾಗ. ಬ್ಯಾಂಕಿನಲ್ಲಿ ಆದದ್ದು ಅದೇ.

ಮಾಹಿತಿಯನ್ನು ಅಳೆಯುವ ಗಣಿತವನ್ನು 1948ರಲ್ಲಿ ಕ್ಲಾಡ್ ಶಾನನ್ ಕಟ್ಟಿಕೊಟ್ಟರು. ಎಷ್ಟು "ಹೌದು–ಅಲ್ಲ" ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು ಎಂಬುದೇ ಅದರ ಅಳತೆಗೋಲು. ಊರಿನಲ್ಲಿ 32 ಹೆಸರುಗಳು ಸಮನಾಗಿ ಚಾಲ್ತಿಯಲ್ಲಿವೆ ಎಂದುಕೊಳ್ಳೋಣ. ಪ್ರತಿ ಪ್ರಶ್ನೆಯೂ ಪಟ್ಟಿಯನ್ನು ಅರ್ಧಕ್ಕಿಳಿಸುವುದರಿಂದ, ಒಂದು ಹೆಸರು ಹೇಳಿದರೆ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಇದು ಎಷ್ಟು ಕಡಿಮೆಯೆಂದರೆ, ಬರೀ ಏಳು ಜನ ಸೇರಿದರೂ ಅವರಲ್ಲಿ ಯಾರಾದರೂ ಇಬ್ಬರ ಹೆಸರು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು.

ಇದಕ್ಕೆ ಕೊಡವರು ಕಂಡುಕೊಂಡ ಉಪಾಯ ಒಕ್ಕದ, ಅಂದರೆ ಮನೆತನದ, ಹೆಸರು. ಮೊದಲು ಒಕ್ಕ, ಆಮೇಲೆ ತಂದೆ, ಕೊನೆಗೆ ತಾನು. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರುಗಳಿವೆ. ಒಕ್ಕಗಳ ನಡುವಿನ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಶುರುವಾಯಿತು. 2024ರ ಹೊತ್ತಿಗೆ ನಾಪೋಕ್ಲುವಿನಲ್ಲಿ ಸೇರಿದ ತಂಡಗಳು 360. ಅಷ್ಟೇ ಒಕ್ಕಗಳಿವೆ ಎಂದಿಟ್ಟುಕೊಂಡರೂ, 32 ಹೆಸರುಗಳೊಂದಿಗೆ ಗುಣಿಸಿದರೆ 11,520 ಬೇರೆ ಬೇರೆ ಹೆಸರುಗಳಾದವು. ಸಾಕಲ್ಲವೇ? ಸಾಲದು. ಸುಮಾರು 130 ಜನ ಒಂದೆಡೆ ಸೇರಿದರೆ ಮತ್ತೆ ಅದೇ ಅರ್ಧಕ್ಕರ್ಧ ಸಾಧ್ಯತೆ. ನಾವು ಜನರನ್ನು ಎಣಿಸುತ್ತೇವೆ, ಹೆಸರು ಡಿಕ್ಕಿ ಹೊಡೆಯುವುದು ಜೋಡಿಗಳಲ್ಲಿ. 130 ಜನರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜೋಡಿಗಳಿರುತ್ತವೆ! ತಂದೆಯ ಹೆಸರನ್ನೂ ಸೇರಿಸಿಕೊಂಡರೆ ಅರ್ಧಕ್ಕರ್ಧ ಸಾಧ್ಯತೆಗೆ ಸೇರಬೇಕಾದ ಜನರ ಸಂಖ್ಯೆ 700 ದಾಟುತ್ತದೆ. ಕೊಡಗಿನ ಮದುವೆಗಳನ್ನು ಕಂಡವರಿಗೆ ಅದೂ ದೊಡ್ಡ ಸಂಖ್ಯೆಯಲ್ಲ.

ಒಕ್ಕದ ಹೆಸರನ್ನು ಒಂದೇ ಅಕ್ಷರಕ್ಕೆ ಮೊಟಕುಗೊಳಿಸಿದಾಗ ಈ ಗಳಿಕೆಯ ಬಹುಪಾಲು ಸೋರಿಹೋಗುತ್ತದೆ. ಕೆ.ಎಂ. ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ: ಭಾರತೀಯ ಸೇನೆಯನ್ನು ಮುನ್ನಡೆಸಿದ ಈ ಇಬ್ಬರೂ ಕೊಡಂದೇರ ಒಕ್ಕದವರು. ಹೊರಗಿನವರಿಗೆ ಕಾಣುವುದು ಬರೀ "ಕೆ". ಕುಲ್ಲೇಟಿರ ಒಕ್ಕದವರೂ ಅದೇ "ಕೆ"ಯೊಳಗೆ ಅಡಗುತ್ತಾರೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಒಳಗಾದರೆ ಲೆಕ್ಕ ತಿರುಗುಮುರುಗು. ಅಲ್ಲಿ ಎಲ್ಲರೂ ಒಂದೇ ಒಕ್ಕದವರು, ಹಾಗಾಗಿ ಒಕ್ಕದ ಹೆಸರು ಹೇಳಿದರೆ ಶಾನನ್ ಲೆಕ್ಕದಲ್ಲಿ ಸಿಗುವ ಮಾಹಿತಿ ಸೊನ್ನೆ. ಅಂದಹಾಗೆ, ಪುರಾಣದ ಕಾವೇರಿಗೂ ಹೆಸರು ಬಂದದ್ದು ತಂದೆಯಿಂದಲೇ. ಜನಕನ ಮಗಳು ಜಾನಕಿಯಾದಂತೆ ಕವೇರ ಮುನಿಯ ಮಗಳು ಕಾವೇರಿ.

ಜೀವವಿಜ್ಞಾನಿಗಳೂ ಇದೇ ಪೇಚಿಗೆ ಸಿಕ್ಕಿದ್ದುಂಟು. ಆಸ್ಟ್ರೇಲಿಯಾದ, ಬಾತಿನ ಕೊಕ್ಕಿನಂಥ ಮೂತಿಯ ಪ್ರಾಣಿಗೆ 1799ರಲ್ಲಿ ಜಾರ್ಜ್ ಶಾ "ಪ್ಲಾಟಿಪಸ್" ಎಂಬ ಕುಲನಾಮ ಇಟ್ಟರು. ಆದರೆ ಮರ ಕೊರೆಯುವ ಒಂದು ದುಂಬಿಯ ಕುಲ ಆ ಹೆಸರನ್ನು ಆಗಲೇ ಪಡೆದಿತ್ತು. ನಮ್ಮ ರೊಬಸ್ಟಾ ಗಿಡಗಳ ರೆಂಬೆ ಕೊರೆಯುವ ಕೀಟದ ದೂರದ ನೆಂಟ ಅದು. ಮೊದಲು ಬಂದವರಿಗೇ ಹಕ್ಕು ಎಂಬುದು ನಿಯಮ. ದುಂಬಿ ಗೆದ್ದಿತು, ಪ್ರಾಣಿ "ಆರ್ನಿತೊರಿಂಕಸ್" ಆಯಿತು. ಜನ ಮಾತ್ರ ಈಗಲೂ ಪ್ಲಾಟಿಪಸ್ ಎಂದೇ ಕರೆಯುತ್ತಾರೆ. ಸಸ್ಯಗಳ ನಿಯಮಾವಳಿ ಬೇರೆ, ಪ್ರಾಣಿಗಳದ್ದು ಬೇರೆ. ಹೀಗಾಗಿ "ಫೈಕಸ್" ಎಂಬುದು ಅತ್ತಿ, ಆಲಗಳ ಕುಲವೂ ಹೌದು, ಕಡಲಿನ ಒಂದು ಬಗೆಯ ಬಸವನಹುಳುವಿನ ಕುಲವೂ ಹೌದು. ಮರಕ್ಕೂ ಹುಳುವಿಗೂ ಜಗಳ ಬರುವ ಸಂಭವವಿಲ್ಲವೆಂದು ಹಾಗೆಯೇ ಬಿಟ್ಟಿದ್ದಾರೆ.

ಕೊಡಗಿನಲ್ಲಿ ಜಗಳ ಬರುವುದು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಪಹಣಿಯಲ್ಲಿ. ಅಲ್ಲಿ ಒಕ್ಕದ ಯಜಮಾನನಾದ ಪಟ್ಟೆದಾರನ ಒಂದೇ ಹೆಸರು ಇಡೀ ಒಕ್ಕದ ಪರವಾಗಿ ನಿಂತಿರುತ್ತದೆ. ಆತ ತೀರಿಕೊಂಡು ತಲೆಮಾರುಗಳೇ ಕಳೆದಿದ್ದರೂ ಹೆಸರು ಹಾಗೆಯೇ ಉಳಿದಿರುವುದುಂಟು. ಗದ್ದೆ ಉಳುವವರು, ಸೇನೆಯಲ್ಲಿರುವವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು, ಎಲ್ಲರೂ ಆ ಒಬ್ಬ ಅಜ್ಜನ ಹೆಸರಿನಡಿ. ಮನೆಯವರಿಗೆ ಯಾರ ಪಾಲು ಎಲ್ಲಿಗೆ ಎಂದು ಬೇಲಿ ಬೇಲಿಯೂ ಗೊತ್ತು. ಬ್ಯಾಂಕಿನಲ್ಲಿ ಎದ್ದು ನಿಂತಿದ್ದ ಶಿಕ್ಷಕಿ ಅಂದು ಬಂದದ್ದೂ ಅಂಥದ್ದೇ ಒಂದು ಪಹಣಿ ಹಿಡಿದುಕೊಂಡು, ಸಾಲ ಕೇಳಲು. ಗುಮಾಸ್ತರು ಕಾಗದ ತಿರುಗಿಸಿ ನೋಡಿ ಕೇಳಿದರು: "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಮ್ಮ?"